ಸಂಜೆ ಬಾಗಿಲು ತೆರೆದ ಹೆರಿಗೆ ಆಸ್ಪತ್ರೆ

ಹೋದ ತಿಂಗಳು ನೆಂಟರ ಮನೆಯ ನಾಮಕರಣ ಮುಗಿಸಿಕೊಂಡು ಬಸವನಗುಡಿಯ ಒಂದು ಅಡ್ಡರಸ್ತೆಯಲ್ಲಿ ಆಟೋಗೆ ಕಾಯುತ್ತಿದ್ದೆ. ಎದುರಿಗೆ ಹಳೇ ಮನೆಯೊಂದನ್ನು ಕೆಡವಿ ದೊಡ್ಡ ಕಟ್ಟಡ ಎಬ್ಬಿಸುತ್ತಿದ್ದರು. ಆಗಷ್ಟೇ ಮಳೆ ನಿಂತಿತ್ತು. ಒದ್ದೆ ಸಿಮೆಂಟು, ಕಂಬಗಳಿಗೆ ಸುತ್ತಿದ್ದ ನೆನೆದ ಗೋಣಿ, ಹಿಂದೆಲ್ಲೋ ತಗಡಿನ ಶೆಡ್ಡಿನಲ್ಲಿ ಹಚ್ಚಿದ್ದ ಸೌದೆ ಒಲೆಯ ಹೊಗೆ, ಇಷ್ಟೂ ಸೇರಿದ ಒಂದು ವಾಸನೆ ಗಾಳಿಯಲ್ಲಿ ತೇಲಿ ಬಂತು. ತಾಂಬೂಲದ ಚೀಲ ಹಿಡಿದುಕೊಂಡು ಹಾಗೇ ನಿಂತುಬಿಟ್ಟೆ. ಆಟೋದವನು ಬಂದು "ಎಲ್ಲಿಗಮ್ಮಾ?" ಎಂದು ಕೇಳುವ ಹೊತ್ತಿಗೆ ಮನಸ್ಸು ಆಗಲೇ ಎಂಬತ್ತರ ದಶಕದ ಶುರುವಿನ ಒಂದು ಮಳೆಗಾಲಕ್ಕೆ ಹೋಗಿಬಿಟ್ಟಿತ್ತು.

ಆಗ ನಾನು ಚಾಮರಾಜಪೇಟೆಯ ಒಂದು ಸರ್ಕಾರಿ ಹೆರಿಗೆ ಆಸ್ಪತ್ರೆಯಲ್ಲಿ ನರ್ಸು. ಹೆಸರು ವನಜಾಕ್ಷಿ, ಆಸ್ಪತ್ರೆಯಲ್ಲಿ ಎಲ್ಲರಿಗೂ ವನಜಾ ಸಿಸ್ಟರ್. ಮನೆ ಅಲ್ಲೇ ಸ್ವಲ್ಪ ದೂರದ ಒಂದು ವಠಾರದಲ್ಲಿ. ನನ್ನ ಗಂಡ ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸುವ ಕೆಲಸದಲ್ಲಿದ್ದರು, ಮಾತು ಕಮ್ಮಿ. ಅವರ ಪಾಲಿನ ಮಾತನ್ನೂ ಸೇರಿಸಿ ಆಡುತ್ತಿದ್ದವರು ನಮ್ಮತ್ತೆ ಪುಟ್ಟಮ್ಮನವರು. ಅತ್ತೆ ಬೆಳಗಿನ ಜಾವವೇ ಮಾರ್ಕೆಟ್ಟಿಗೆ ಹೋಗಿ ಸೊಪ್ಪು ತಂದು, ತಳ್ಳುಗಾಡಿಗೆ ಹಾಕಿಕೊಂಡು ಚಾಮರಾಜಪೇಟೆಯಿಂದ ವಿಶ್ವೇಶ್ವರಪುರದವರೆಗೆ ಬೀದಿ ಬೀದಿ ಮಾರುತ್ತಿದ್ದರು. "ದಂಟೂ, ಹರಿವೇ, ಮೆಂತ್ಯಾ" ಎಂದು ಅವರು ಕೂಗಿದರೆ ಮಹಡಿ ಮೇಲೆ ಮಲಗಿದ್ದವರೂ ಎದ್ದು ಬುಟ್ಟಿ ಇಳಿಬಿಡಬೇಕು, ಅಂಥ ಗಂಟಲು.

ನಮ್ಮ ಆಸ್ಪತ್ರೆ ದೊಡ್ಡದೇನಲ್ಲ. ಹೆಂಚಿನ ಮಾಡು, ಉದ್ದನೆಯ ಒಂದು ವಾರ್ಡು, ಎದುರಿಗೆ ಕಲ್ಲು ಹಾಸಿದ ಅಂಗಳ. ಅದರ ಜವಾಬ್ದಾರಿ ಡಾಕ್ಟರ್ ಸರೋಜಾ ಅವರದ್ದು. ಐವತ್ತರ ಆಸುಪಾಸು, ದಪ್ಪ ಕನ್ನಡಕ, ದನಿ ಎತ್ತಿ ಮಾತಾಡಿದ್ದನ್ನು ನಾನು ಕಂಡಿಲ್ಲ. ಬಸುರಿಯರನ್ನು ನೋಡುವುದು ಬೆಳಿಗ್ಗೆ ಮಾತ್ರ. ಮಧ್ಯಾಹ್ನಕ್ಕೆ ಗೇಟು ಹಾಕಿದರೆ ನೋವು ಬಂದವರಿಗಷ್ಟೇ ತೆಗೆಯುತ್ತಿದ್ದದ್ದು. ಅದು ಎಲ್ಲ ಕಡೆಯೂ ಇದ್ದ ಪದ್ಧತಿ, ಅದರಲ್ಲಿ ತಪ್ಪಿದೆಯೆಂದು ನಮಗ್ಯಾರಿಗೂ ಅನ್ನಿಸಿರಲಿಲ್ಲ.

ಆ ವರ್ಷ ವಿಶ್ವೇಶ್ವರಪುರದಲ್ಲಿ ಒಂದು ದೊಡ್ಡ ಕಲ್ಯಾಣ ಮಂಟಪ ಏಳುತ್ತಿತ್ತು. ಗಾರೆ ಕೆಲಸಕ್ಕೆ ರಾಯಚೂರು, ಲಿಂಗಸುಗೂರು ಕಡೆಯಿಂದ ಸಂಸಾರ ಸಮೇತ ಜನ ಬಂದು, ಪಕ್ಕದ ಖಾಲಿ ಜಾಗದಲ್ಲಿ ತಗಡು, ಗೋಣಿ ಕಟ್ಟಿಕೊಂಡು ಬಿಡಾರ ಹೂಡಿದ್ದರು. ಗಂಡಸರು ಕಲಸುವುದು, ಕಟ್ಟುವುದು. ಹೆಂಗಸರು ಇಟ್ಟಿಗೆ ಹೊರುವುದು, ಜಲ್ಲಿ ಹೊರುವುದು, ಕಬ್ಬಿಣದ ಬಾಂಡ್ಲಿ ತುಂಬ ಕಾಂಕ್ರೀಟು ಹೊತ್ತು ಬಿದಿರಿನ ಅಟ್ಟಣೆ ಹತ್ತುವುದು. ಬೆಳಿಗ್ಗೆ ಕೆಲಸಕ್ಕೆ ನಿಂತರೆ ಊಟದ ಹೊತ್ತಿಗೆ ಸ್ವಲ್ಪ ಬಿಡುವು, ಮತ್ತೆ ಸಂಜೆಯವರೆಗೆ ಬೆನ್ನು ಬಗ್ಗಿಸಬೇಕು.

ಮುಂಗಾರು ಶುರುವಾದ ಹೊಸತರಲ್ಲಿ ಅವರಲ್ಲೊಬ್ಬಳನ್ನು ನಮ್ಮಲ್ಲಿಗೆ ಕಂಬಳಿಯಲ್ಲಿ ಹೊತ್ತು ತಂದರು. ಯಲ್ಲಮ್ಮ ಎಂದು ಹೆಸರು. ಮೈಯೆಲ್ಲ ಊದಿಕೊಂಡಿತ್ತು, ಮೇಲಿಂದ ಮೇಲೆ ಫಿಟ್ಸು ಬರುತ್ತಿತ್ತು. ಗರ್ಭಿಣಿಯರಿಗೆ ರಕ್ತದೊತ್ತಡ ಏರಿ ಹೀಗಾಗುತ್ತದೆ. ಮುಂಚೆಯೇ ಗೊತ್ತಾದರೆ ಕಾಪಾಡಬಹುದು. ಡಾಕ್ಟರು ತಮ್ಮ ಕೈಲಾದದ್ದೆಲ್ಲ ಮಾಡಿದರು. ಕೂಸು ಉಳಿಯಿತು, ತಾಯಿ ಉಳಿಯಲಿಲ್ಲ. ಆಕೆಯ ಅತ್ತೆ ಆ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು, ಅಳುತ್ತಲೇ ಒಂದು ಮಾತು ಹೇಳಿದಳು: "ತಲಿ ನೋವು ಅಂತ ಬಂದಿದ್ಲ್ರೀ ಯವ್ವಾ, ಊಟದ ಹೊತ್ತಿನ್ಯಾಗ. ಬಾಕ್ಲ ಹಾಕಿತ್ತು. ನಾಳಿ ಮುಂಜಾನಿ ಬಾ ಅಂದ್ರಂತ. ಮುಂಜಾನಿ ಹೆಂಗ ಬರ್ತಾಳ್ರೀ, ಕೆಲಸ ಇರ್ತದಲ್ಲ?"

ಮಾರನೆಯ ದಿನ ಡಾಕ್ಟರು ನನ್ನನ್ನು ಕರೆದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟಿದ್ದರು.

"ವನಜಾ, ಆ ಹುಡುಗಿ ಬಂದಿದ್ಲಂತೆ. ನಾವು ಬಾಗಿಲು ಹಾಕ್ಕೊಂಡಿದ್ವಿ."

ಕನ್ನಡಕ ಮತ್ತೆ ಹಾಕಿಕೊಂಡು ನನ್ನ ಕಡೆ ತಿರುಗಿದರು.

"ಸಂಜೆ ಕೆಲಸ ಬಿಟ್ಟ ಮೇಲೆ ಅವರು ಬರಬಹುದು ಅಲ್ವಾ? ಐದರಿಂದ ಏಳರವರೆಗೆ ನಾನು ಕೂತ್ಕೋತೀನಿ. ಜೊತೆಗೆ ಒಬ್ಬ ಸಿಸ್ಟರ್ ಬೇಕು."

"ನಾನಿರ್ತೀನಿ ಮೇಡಂ," ಎಂದೆ. ಮನೆಯಲ್ಲಿ ಕೇಳಬೇಕೆಂದು ಆ ಕ್ಷಣ ನೆನಪಾಗಲೇ ಇಲ್ಲ.

ಮನೆಯಲ್ಲಿ ಕೇಳಿದಾಗ ಅತ್ತೆ ಸಾರಿನ ಸೌಟು ಹಿಡಿದುಕೊಂಡೇ ತಿರುಗಿದರು. "ಅಂದ್ರೆ ದಿನಾ ಸಂಜೆ ನಾನು ಬೀದಿ ಸುತ್ತಿ ಬಂದು ನಿಂಗೂ ಸೇರ್ಸಿ ಬೇಯಿಸ್ಬೇಕಾ? ಸರ್ಕಾರ ನಿಂಗೆ ಬೆಳಿಗ್ಗೆ ಸಂಬಳ ಕೊಡತ್ತೋ, ಸಂಜೇದೂ ಕೊಡತ್ತೋ?"

"ಕೊಡಲ್ಲ ಅತ್ತೆ."

"ಚೆನ್ನಾಗಿದೆ," ಎಂದರು ಅತ್ತೆ. ಆ ರಾತ್ರಿ ನನಗೆ ಬಡಿಸಿದ ಮುದ್ದೆ ಎಂದಿಗಿಂತ ಗಟ್ಟಿಯಾಗಿತ್ತು.

ಮೊದಲ ಸಂಜೆ ದೀಪ ಹಾಕಿ, ಬೆಂಚು ಒರೆಸಿ, ಬಿಸಿನೀರು ಕಾಯಿಸಿಟ್ಟುಕೊಂಡು ಕೂತೆವು. ಯಾರೂ ಬರಲಿಲ್ಲ. ಮಾರನೇ ಸಂಜೆಯೂ ಇಲ್ಲ. ಹೊರಗೆ ಮಳೆ ಹೆಂಚಿನಿಂದ ಧಾರೆಧಾರೆಯಾಗಿ ಇಳಿಯುತ್ತಿತ್ತು, ಒಳಗೆ ಡಾಕ್ಟರೂ ನಾನೂ ಎದುರುಬದುರು ಕೂತು ಹತ್ತಿಯ ಉಂಡೆ ಮಾಡುತ್ತಿದ್ದೆವು. ಒಂದು ವಾರ ಹೀಗೇ ಕಳೆಯಿತು. ಕೊನೆಗೆ ನಾನೇ ಬಿಡಾರಕ್ಕೆ ಹೋಗಿ ಹೇಳಿ ಬರುತ್ತೇನೆಂದು ಹೊರಟೆ.

ಯೂನಿಫಾರ್ಮಿನ ಬಿಳಿ ಸೀರೆಯಲ್ಲೇ ಹೋದೆ. ಕೆಸರು ತುಳಿದುಕೊಂಡು ಶೆಡ್ಡುಗಳ ನಡುವೆ ಕಾಲಿಟ್ಟದ್ದೇ ತಡ, ಒಲೆ ಮುಂದೆ ಕೂತಿದ್ದ ಹೆಂಗಸರು ಒಬ್ಬೊಬ್ಬರಾಗಿ ಎದ್ದು ಒಳಗೆ ಹೋಗಿ ಗೋಣಿ ಪರದೆ ಎಳೆದುಕೊಂಡರು. ಒಬ್ಬಳು ಮಾತ್ರ ಎದ್ದು ನಿಂತಳೇ ಹೊರತು ಹೋಗಲಿಲ್ಲ. ಇಪ್ಪತ್ತೈದರ ಒಳಗಿನ ವಯಸ್ಸು, ಎತ್ತರದ ಆಳು, ಹಣೆ ಮೇಲೆ ದೊಡ್ಡ ಹಚ್ಚೆ, ಹೊಟ್ಟೆ ಚೆನ್ನಾಗಿ ಕಾಣುತ್ತಿತ್ತು. ಅವಳ ಹೆಸರು ಹುಲಿಗೆವ್ವ ಎಂದು ಆಮೇಲೆ ಗೊತ್ತಾಯಿತು.

"ಯಾಕಮ್ಮ, ಎಲ್ಲಾ ಒಳಗೆ ಹೋದ್ರು?" ಎಂದೆ.

"ಬಿಳಿ ಸೀರಿ ಕಂಡ್ರ ನಮ್ಮ ಎದಿ ಒಡೀತದ್ರೀ ಅಕ್ಕಾರ," ಎಂದಳು. ಒರಟಾಗೇನೂ ಹೇಳಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. "ಎಮರ್ಜೆನ್ಸಿ ಟೈಮಿನ್ಯಾಗ ನಮ್ಮ ಅಕ್ಕನ್ನ ಹಿಂಗ ಕರ್ಕೊಂಡು ಹೋದ್ರು. ಸೂಜಿ ಹಾಕ್ತೀವಿ ಅಂದಿದ್ರು. ವಾಪಸ್ ಬಂದಾಗ ಹೊಟ್ಟಿ ಮ್ಯಾಲ ಹೊಲಿಗಿ. ಇದ್ದ ಒಂದ ಮಗ ಆಮ್ಯಾಲ ಜ್ವರ ಬಂದು ತೀರ್ಕೊಂಡ. ಇನ್ನ ಆಕಿಗೆ ಕೂಸು ಹುಟ್ಟಂಗಿಲ್ಲ. ನಂದೂ ಎರಡು ಹೊಟ್ಟ್ಯಾಗ ಹೋಗ್ಯಾವು. ಇದು ಮೂರನೇದು. ಇದನ್ನ ತಗೊಂಡು ನಿಮ್ಮ ದವಾಖಾನಿಗೆ ಬರ್ಲೇನು?"

"ನಾವು ಹಾಗೆ ಮಾಡಲ್ಲಮ್ಮ," ಎಂದೆ. ನನ್ನ ಕಿವಿಗೇ ಅದು ಪೊಳ್ಳಾಗಿ ಕೇಳಿಸಿತು. ಅವಳ ಅಕ್ಕನಿಗೂ ಯಾರೋ ಹೀಗೇ ಹೇಳಿದ್ದರಲ್ಲ.

ಮನೆಗೆ ಬಂದು ಊಟ ಬೇಡವೆಂದು ಮೂಲೆ ಹಿಡಿದೆ. ಅತ್ತೆ ಸುಮ್ಮನಿರುವವರಲ್ಲ. ಕೆದಕಿ ಕೆದಕಿ ಎಲ್ಲವನ್ನೂ ಬಾಯಿ ಬಿಡಿಸಿದರು. ಹಣೆಯ ಮೇಲೆ ಹಚ್ಚೆ ಎನ್ನುತ್ತಲೂ ತಟ್ಟನೆ ಎದ್ದು ಕೂತರು.

"ಹುಲಿಗೆವ್ವಾನಾ? ಅಯ್ಯೋ, ದಿನಾ ಸಂಜೆ ನನ್ ಗಾಡೀಲಿ ಉಳಿದ ಸೊಪ್ಪನ್ನೆಲ್ಲ ಅವಳೇ ತಗೊಳ್ಳೋದು ಕಣೇ! ಅವಳೂ ಅವಳ ಜೊತೆಯೋರೂ. ಯಲ್ಲಮ್ಮ ಅಂದ್ಯಲ್ಲ, ಆ ಹುಡುಗೀನೂ ಬರ್ತಿತ್ತು. ಪುಂಡಿ ಸೊಪ್ಪು ಇದೆಯಾ ಪುಟ್ಟವ್ವ ಅಂತ ಕೇಳೋದು." ಅತ್ತೆ ಎದ್ದು ಹೋಗಿ ಒಂದು ತಟ್ಟೆಗೆ ಮುದ್ದೆ ಹಾಕಿ ತಂದು ನನ್ನ ಮುಂದಿಟ್ಟರು. ಆಮೇಲೆ, "ನಾಳೆ ಆ ಬಿಳಿ ಸೀರೆ ಬಿಚ್ಚಾಕಿ, ಮನೆ ಸೀರೆ ಉಟ್ಕೊಂಡು ನನ್ ಜೊತೆ ಬಾ," ಎಂದರು.

ಮಾರನೇ ದಿನ ಡಾಕ್ಟರಿಗೆ ಹೇಳಿ, ಹಸಿರು ಚೌಕಳಿ ಸೀರೆ ಉಟ್ಟು ಅತ್ತೆಯ ಗಾಡಿಯ ಪಕ್ಕ ನಿಂತೆ. ಮಳೆ ಬಿಟ್ಟು ಆಕಾಶ ತಿಳಿಯಾಗಿತ್ತು. ಕೆಲಸ ಬಿಟ್ಟ ಹೆಂಗಸರು ಕೈಕಾಲಿನ ಸಿಮೆಂಟು ತೊಳೆದುಕೊಂಡು ಬಂದು ಗಾಡಿಯನ್ನು ಸುತ್ತುವರಿದರು. ಅತ್ತೆ ಸೊಪ್ಪು ಕೊಡುತ್ತಾ ಕೊಡುತ್ತಾ, ಕಂತೆ ಮೇಲೆ ಒಂದು ಕಂತೆ ಕೊಸರು ಹಾಕುತ್ತಾ, ಅಷ್ಟೇ ಸರಾಗವಾಗಿ ಶುರು ಮಾಡಿದರು.

"ಏ ಹುಲಿಗೆವ್ವ, ಇವಳು ಯಾರು ಗೊತ್ತೇನೇ? ನನ್ ಸೊಸೆ. ನಿನ್ನೆ ನೀನು ಓಡಿಸಿದ್ಯಲ್ಲ, ಅವಳೇ."

ಹುಲಿಗೆವ್ವ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ನಾ ಎಲ್ಲಿ ಓಡಿಸೀನಿ ಪುಟ್ಟವ್ವ? ಇವ್ರು ನಿನ್ನ ಸೊಸಿ ಅಂತ ನಂಗೇನು ಗೊತ್ತು?"

"ಈಗ ಗೊತ್ತಾಯ್ತಲ್ಲ? ನಾಳೆ ಹೋಗು. ನಿನ್ ಜೊತೆ ನಾನೂ ಬರ್ತೀನಿ. ನಿನ್ನ ಕೇಳ್ದೆ ಇವಳು ನಿನ್ ಮೈ ಮುಟ್ಟಿದ್ರೆ, ಮನೇಲಿ ಇವಳಿಗೆ ನಾನು ಅನ್ನ ಹಾಕಲ್ಲ."

ಹೆಂಗಸರು ನಕ್ಕರು. ಹುಲಿಗೆವ್ವ ನಗಲಿಲ್ಲ, ಆದರೆ ಯೋಚಿಸುತ್ತಿದ್ದಳು. "ಒಬ್ಬಾಕಿನ ಒಳಗ ಬರಂಗಿಲ್ಲ ನಾ. ನಮ್ಮವ್ರು ಇಬ್ಬರು ನನ್ನ ಬಾಜೂಕ ನಿಂದ್ರಬೇಕು," ಎಂದಳು.

"ನಿಂತ್ಕೊಳ್ಳಲಿ," ಎಂದೆ.

ಹೀಗೆ ಒಂದು ಸಂಜೆ ನಮ್ಮತ್ತೆಯ ಹಿಂದೆ ನಾಲ್ವರು ಹೆಂಗಸರು ಗೇಟು ದಾಟಿ ಬಂದರು. ಡಾಕ್ಟರ್ ಸರೋಜಾ ಕುರ್ಚಿಯಿಂದ ಎದ್ದು ನಿಂತು ಅವರನ್ನು ಬರಮಾಡಿಕೊಂಡರು. ಪರೀಕ್ಷೆ ಮಾಡುವ ಕೋಣೆಗೆ ಜೊತೆಯವರನ್ನು ಬಿಡುವ ಪದ್ಧತಿ ಇರಲಿಲ್ಲ. ಅವತ್ತು ಬಿಟ್ಟರು. ಒಂದೊಂದು ಸಲವೂ ಕೈ ಇಡುವ ಮುಂಚೆ "ಈಗ ಹೊಟ್ಟೆ ಮುಟ್ಟಿ ನೋಡ್ಲಾ?" "ಈಗ ತೋಳಿಗೆ ಪಟ್ಟಿ ಕಟ್ತೀನಿ, ಬಿಗಿಯಾಗುತ್ತೆ, ಆಮೇಲೆ ಸಡಿಲ ಆಗುತ್ತೆ" ಎಂದು ಹೇಳುತ್ತಲೇ ನೋಡಿದರು. ಕೊನೆಗೆ ಸ್ಟೆತಾಸ್ಕೋಪನ್ನು ಹೊಟ್ಟೆಯ ಮೇಲೆ ಒಂದು ಜಾಗದಲ್ಲಿ ಇಟ್ಟು, ಅದರ ಇನ್ನೊಂದು ತುದಿಯನ್ನು ಹುಲಿಗೆವ್ವನ ಕಿವಿಗೇ ಸಿಕ್ಕಿಸಿದರು.

ಅವಳು ಉಸಿರು ಬಿಗಿಹಿಡಿದು ಕೇಳಿದಳು. ಮುಖದ ಬಿಗಿ ಸ್ವಲ್ಪ ಸ್ವಲ್ಪವಾಗಿ ಸಡಿಲವಾಯಿತು.

"ಇದೇನ್ರೀ ಬಾಯಾರ? ಕುದುರಿ ಓಡಿದಂಗ ಕೇಳ್ತದ!" ಎಂದು ಡಾಕ್ಟರನ್ನು ಕೇಳಿದಳು.

"ನಿನ್ ಮಗುವಿನ ಎದೆ ಬಡಿತ," ಎಂದರು ಡಾಕ್ಟರು.

ಪಕ್ಕದಲ್ಲಿ ನಿಂತಿದ್ದ ಗಂಗವ್ವ ಎಂಬ ಐದು ಮಕ್ಕಳ ತಾಯಿ "ನಂಗೂ ಕೊಡಲೇ, ನಾನೂ ಕೇಳ್ತೀನಿ" ಎಂದು ಅದನ್ನು ಕಿತ್ತುಕೊಂಡಳು. ಒಬ್ಬರಾದ ಮೇಲೊಬ್ಬರು ಕೇಳಿದರು. ಬಾಗಿಲ ಹೊರಗಿದ್ದ ನಮ್ಮತ್ತೆಯೂ ಬಂದು ಕೇಳಿ, ಸೆರಗಿನಿಂದ ಕಣ್ಣೊರೆಸಿಕೊಂಡು, "ನಾನು ಇವಳ ಗಂಡನ್ನ ಹೆರೋವಾಗ ಇದೆಲ್ಲ ಎಲ್ಲಿತ್ತು?" ಎಂದರು.

ಆಮೇಲೆ ನಾವು ಯಾರನ್ನೂ ಕರೆಯಲು ಹೋಗಬೇಕಾಗಲಿಲ್ಲ. ಸಂಜೆಯಾದರೆ ಅಂಗಳದಲ್ಲಿ ಮಾತು, ನಗು, ಮಕ್ಕಳ ಅಳು. ಒಬ್ಬಳಿಗೆ ರಕ್ತ ಕಮ್ಮಿ, ಕಬ್ಬಿಣದ ಮಾತ್ರೆ ಕೊಡಬೇಕು. ಇನ್ನೊಬ್ಬಳಿಗೆ ವರ್ಷಗಟ್ಟಲೆ ಬಿಳಿ ಸೆರಗು ಹೋಗುವ ತೊಂದರೆ, ಯಾರಿಗೂ ಹೇಳಿಕೊಂಡಿರಲಿಲ್ಲ. ಮತ್ತೊಬ್ಬಳಿಗೆ ಎರಡು ಮಕ್ಕಳ ನಡುವೆ ಒಂದಿಷ್ಟು ಅಂತರ ಬೇಕು, ಅದಕ್ಕೆ ದಾರಿಯಿದೆ ಎಂಬುದೇ ತಿಳಿಯದು. ಅವಳಿಗೆ ಕಾಪರ್-ಟಿ ತೋರಿಸಿ, ಬೇಡವೆನಿಸಿದಾಗ ತೆಗೆಸಿಕೊಳ್ಳಬಹುದು ಎಂದರೆ "ತೆಗಿಸಬೋದ್ರಿ?" ಎಂದು ಮೂರು ಸಲ ಕೇಳಿ ಖಾತ್ರಿ ಮಾಡಿಕೊಂಡಳು. ಅವರು ಅದನ್ನು ವಂಕಿ ಎನ್ನುತ್ತಿದ್ದರು. ತಾಯಂದಿರು ಒಳಗಿದ್ದಾಗ ಮಕ್ಕಳನ್ನು ಯಾರು ನೋಡಿಕೊಳ್ಳಬೇಕು? ಆ ಕೆಲಸ ನಮ್ಮತ್ತೆಗೆ ಬಿತ್ತು. ಗಾಡಿಯನ್ನು ಗೇಟಿನ ಒಳಗೇ ನಿಲ್ಲಿಸಿ, ಸೊಪ್ಪಿನ ಜಾಗದಲ್ಲಿ ಮಕ್ಕಳನ್ನು ಕೂರಿಸಿಕೊಂಡು ಅಂಗಳದಲ್ಲಿ ಸುತ್ತು ಹಾಕಿಸುತ್ತಿದ್ದರು. ಮನೆಯಲ್ಲಿ ಅಡುಗೆ ನನ್ನ ಗಂಡನ ಪಾಲಾಯಿತು. ಅವರು ಒಂದು ಮಾತೂ ಆಡಲಿಲ್ಲ, ಚೆನ್ನಾಗಿಯೂ ಮಾಡುತ್ತಿದ್ದರು.

ಹುಲಿಗೆವ್ವನದ್ದೊಂದು ಚಿಂತೆ ಇತ್ತು. ದಿನ ಹತ್ತಿರ ಬಂದರೂ ಮಗುವಿನ ತಲೆ ಮೇಲೇ ಇತ್ತು, ಕುಂಡಿ ಕೆಳಗೆ. ಡಾಕ್ಟರು ಅವಳಿಗೆ ಕಟ್ಟುನಿಟ್ಟಾಗಿ ಹೇಳಿದರು: "ನೋವು ಶುರುವಾದ ತಕ್ಷಣ ಬಾ. ಕೆಲಸ ಇರ್ಲಿ, ಏನೇ ಇರ್ಲಿ. ಶೆಡ್ಡಲ್ಲಿ ಹೆರಬೇಡ." ಅವಳು ತಲೆಯಾಡಿಸಿದಳು. ಆದರೆ ಕೆಲಸದ ನಡುವೆ ಬಿಟ್ಟು ಬಂದರೆ ಮೇಸ್ತ್ರಿ ಮತ್ತೆ ಸೇರಿಸಿಕೊಳ್ಳುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು.

ಈ ನಡುವೆ ನಮ್ಮ ಆರೋಗ್ಯಾಧಿಕಾರಿಗಳು ಒಂದು ಸಂಜೆ ಹೇಳದೆ ಕೇಳದೆ ಬಂದರು. ಸಫಾರಿ ಸೂಟು, ಕೈಯಲ್ಲಿ ಕೊಡೆ. ಅಂಗಳದ ಜನವನ್ನೂ, ಗಾಡಿಯ ಮೇಲೆ ಸವಾರಿ ಹೊರಟಿದ್ದ ಮಕ್ಕಳನ್ನೂ ಹುಬ್ಬು ಗಂಟಿಕ್ಕಿ ನೋಡಿ ಒಳಗೆ ಬಂದು ಕೂತರು.

"ಡಾಕ್ಟರಮ್ಮ, ಒಳ್ಳೇ ಕೆಲಸಾನೇ ಮಾಡ್ತಿದೀರಿ. ಆದ್ರೆ ಮೇಲಿನವರು ನನ್ನ ಕೇಳೋದು ಒಂದೇ ಪ್ರಶ್ನೆ, ಫ್ಯಾಮಿಲಿ ಪ್ಲಾನಿಂಗ್ ಆಪರೇಷನ್ ಕೇಸು ಎಷ್ಟು ಅಂತ. ಇಷ್ಟು ಹೆಂಗಸರು ಬರ್ತಾರೆ, ಒಂದೂ ಇಲ್ವಲ್ಲ?"

"ಕೇಳಿದವರಿಗೆ ಮಾಡ್ತೀವಿ ಸರ್. ಇನ್ನೂ ಯಾರೂ ಕೇಳಿಲ್ಲ."

"ಕೇಳಲ್ಲ, ನೀವು ಹೇಳ್ಬೇಕು. ಹೆರಿಗೆಗೆ ಬಂದಾಗ ಅಲ್ಲೇ ಒಪ್ಪಿಸಿ ಮುಗಿಸಿಬಿಡಬೇಕು."

ಡಾಕ್ಟರು ಅದೇ ತಣ್ಣನೆಯ ದನಿಯಲ್ಲಿ ಹೇಳಿದರು: "ಇವರು ಇಲ್ಲಿಗೆ ಬರೋಕೆ ಒಪ್ಪಿದ್ದು, ಕೇಳದೆ ಏನೂ ಮಾಡಲ್ಲ ಅಂತ ನಾವು ಮಾತು ಕೊಟ್ಟಿದ್ದಕ್ಕೆ. ಒಬ್ಬಳನ್ನ ಬಲವಂತ ಮಾಡಿದ್ರೆ ನಾಳೆ ಒಬ್ಬಳೂ ಬರಲ್ಲ. ಮತ್ತೆ ಕಂಬಳೀಲಿ ಹೊತ್ಕೊಂಡು ಬರ್ತಾರೆ."

ಅಧಿಕಾರಿಗಳು ಎದ್ದರು. "ತಿಂಗಳ ಕೊನೆಗೆ ಮತ್ತೆ ಬರ್ತೀನಿ. ಅಷ್ಟರೊಳಗೆ ಕೇಸು ಇಲ್ದಿದ್ರೆ ಸಂಜೆ ಬಾಗಿಲು ಹಾಕ್ಸಿ. ನನ್ ಕೈಯಲ್ಲೇನಿದೆ ಹೇಳಿ?"

ಅವರು ಹೋದ ಮೇಲೆ, ಐದು ಹೆತ್ತ ಗಂಗವ್ವನನ್ನು ಒಂದು ಮಾತು ಕೇಳಿ ನೋಡಿದರೆ ಹೇಗೆ ಎಂದು ಡಾಕ್ಟರನ್ನು ಕೇಳಿದೆ. "ಏನೇನು ದಾರಿ ಇದೆ ಅಂತ ಎಲ್ಲರಿಗೂ ಹೇಳಿದೀವಲ್ಲ ವನಜಾ. ಈಗ ನಮಗೆ ಬೇಕು ಅಂತ ಅವಳ ಹತ್ತಿರ ಹೋದ್ರೆ, ಅವಳಿಗದು ತಿಳಿಯುತ್ತೆ," ಎಂದರು. ಸರಿಯಾದ ಮಾತು. ಆದರೆ ಬಾಗಿಲು ಮುಚ್ಚುವುದನ್ನು ತಡೆಯುವ ಮಾತಾಗಿರಲಿಲ್ಲ. ಈ ಸಂಗತಿಯನ್ನು ಅತ್ತೆಗೆ ಹೇಳಿದ್ದು ನಾನೇ. ಅತ್ತೆಗೆ ಹೇಳಿದ ಮೇಲೆ ಅದು ಗಾಡಿಯ ಜೊತೆ ವಿಶ್ವೇಶ್ವರಪುರ ತಲುಪಲು ಎಷ್ಟು ಹೊತ್ತು?

ಗಣೇಶನ ಹಬ್ಬ ಹತ್ತಿರ ಬಂದಿತ್ತು. ಬೀದಿ ಬದಿಯಲ್ಲಿ ಮಣ್ಣಿನ ಗಣಪಗಳಿಗೆ ಬಣ್ಣ ಬಳಿದು ಒಣಗಲು ಇಟ್ಟಿದ್ದರು. ಕಲ್ಯಾಣ ಮಂಟಪಕ್ಕೆ ಅವತ್ತು ಮೌಲ್ಡ್ ಹಾಕುವ ದಿನ. ತಾರಸಿಗೆ ಕಾಂಕ್ರೀಟು ಸುರಿಯಲು ಶುರು ಮಾಡಿದರೆ ಅರ್ಧಕ್ಕೆ ನಿಲ್ಲಿಸುವ ಹಾಗಿಲ್ಲ. ಆಕಾಶ ಕಪ್ಪಗಿತ್ತು. ಮಳೆಗೆ ಮುಂಚೆ ಮುಗಿಸಬೇಕೆಂದು ಮೇಸ್ತ್ರಿ ಕೂಗಾಡುತ್ತಿದ್ದ. ಮಧ್ಯಾಹ್ನದ ಹೊತ್ತಿಗೆ ಅಟ್ಟಣೆಯ ಬುಡದಲ್ಲಿ ಬಾಂಡ್ಲಿ ತುಂಬಿ ಕೊಡುತ್ತಿದ್ದ ಹುಲಿಗೆವ್ವ ಕುಸಿದು ಕೂತಳು. ನೆತ್ತಿನೀರು ಹೋಗಿ ನೋವು ಶುರುವಾಗಿತ್ತು.

ಮುಂದೆ ಅಲ್ಲಿ ನಡೆದದ್ದನ್ನು ನಾನು ಕಣ್ಣಾರೆ ನೋಡಲಿಲ್ಲ. ಗಂಗವ್ವನಿಂದ ಕೇಳಿದ್ದನ್ನು ಅತ್ತೆ ಆಮೇಲೆ ನೂರಾರು ಸಲ ಹೇಳಿದ್ದರಿಂದ, ನೋಡಿದಷ್ಟೇ ಚೆನ್ನಾಗಿ ಗೊತ್ತು.

ಗಂಗವ್ವ ತಲೆ ಮೇಲಿನ ಬಾಂಡ್ಲಿ ಇಳಿಸಿ "ಮೇಸ್ತ್ರಿ, ಈಕಿನ್ನ ದವಾಖಾನಿಗೆ ಒಯ್ಬೇಕು" ಎಂದಳಂತೆ.

"ಮೌಲ್ಡ್ ಮುಗೀಲಿ. ಅಲ್ಲೀವರೆಗೂ ಶೆಡ್ಡಲ್ಲಿ ಮಲಗಿಸ್ರಿ. ಯಾರೂ ಹಡೆದೇ ಇಲ್ವಾ?"

"ಕೂಸು ಉಲ್ಟಾ ಐತಿ. ಶೆಡ್ಡಿನ್ಯಾಗ ಆಗಂಗಿಲ್ಲ ಅಂತ ಬಾಯಾರು ಹೇಳ್ಯಾರ."

"ಒಬ್ರು ಕೆಲಸ ಬಿಟ್ರೂ ನಾಳೆ ಇಲ್ಲಿ ಕಾಲಿಡಂಗಿಲ್ಲ," ಎಂದು ಮೇಸ್ತ್ರಿ ಕೂಗಿದ.

ಗಂಗವ್ವ ಬಾಂಡ್ಲಿಯನ್ನು ನೆಲಕ್ಕೆ ಬೋರಲು ಹಾಕಿದಳು. ಅವಳ ಹಿಂದಿದ್ದವಳೂ ಹಾಕಿದಳು. ಅಟ್ಟಣೆ ಏರುತ್ತಿದ್ದವರು ಇಳಿದು ಬಂದು ಒಬ್ಬೊಬ್ಬರಾಗಿ ಬಾಂಡ್ಲಿ ಬೋರಲು ಹಾಕಿ ಅದರ ಪಕ್ಕ ನಿಂತರು. ಮೇಲೆ ಗಂಡಸರು ಕರಣೆ ಹಿಡಿದುಕೊಂಡು ಹಾಗೇ ನೋಡುತ್ತಾ ನಿಂತರು. ಮೇಸ್ತ್ರಿ ಒಮ್ಮೆ ಆಕಾಶ ನೋಡಿದ, ಒಮ್ಮೆ ಅರ್ಧ ಸುರಿದ ತಾರಸಿ ನೋಡಿದ.

"ಹೋಗ್ರಮ್ಮ! ನಾಲ್ಕು ಜನ ಹೋಗ್ರಿ. ಉಳಿದೋರು ಕೆಲಸ ಮಾಡ್ರಿ, ನಿಮ್ ಕಾಲಿಗೆ ಬೀಳ್ತೀನಿ," ಎಂದನಂತೆ.

"ನಾಳಿ ಎಲ್ಲಾರೂ ಕೆಲಸಕ್ಕ ಬರ್ತೀವಿ. ಆಕಿನೂ ಎದ್ದ ಮ್ಯಾಲ ಬರ್ತಾಳ," ಎಂದು ಗಂಗವ್ವ ಅವನ ಬಾಯಿಂದ ಹೂಂ ಅನ್ನಿಸಿಕೊಂಡೇ ಕದಲಿದ್ದು.

ಅಷ್ಟರಲ್ಲಿ ನಮ್ಮತ್ತೆ ಬೀದಿ ತಿರುವಿನಿಂದ ಬಂದರು. ನೋಡಿದವರೇ ಗಾಡಿಯ ಸೊಪ್ಪನ್ನೆಲ್ಲ ರಸ್ತೆಗೆ ಸುರಿದು, ಗೋಣಿ ಹಾಸಿ, ಹುಲಿಗೆವ್ವನನ್ನು ಮಲಗಿಸಿದರು. ವಿಶ್ವೇಶ್ವರಪುರದಿಂದ ಚಾಮರಾಜಪೇಟೆಗೆ, ಹನಿಯುವ ಮಳೆಯಲ್ಲಿ, ನಾಲ್ವರು ಹೆಂಗಸರು ಗಾಡಿ ತಳ್ಳಿದರೆ ಅತ್ತೆ ಮುಂದೆ ಓಡುತ್ತಾ "ದಾರಿ ಬಿಡ್ರೋ, ದಾರಿ ಬಿಡ್ರೋ" ಎಂದು ತಮ್ಮ ಗಂಟಲನ್ನೆಲ್ಲ ಖರ್ಚು ಮಾಡಿದರು. ನಾನು ವಾರ್ಡಿನಲ್ಲಿದ್ದವಳು ಆ ದನಿಯನ್ನು ಬೀದಿಯ ಆ ತುದಿಯಲ್ಲಿರುವಾಗಲೇ ಗುರುತು ಹಿಡಿದು ಹೆರಿಗೆ ಕೋಣೆಯ ದೀಪ ಹಾಕಿದೆ.

ಕುಂಡಿ ಮುಂದಾಗಿ ಬರುವ ಹೆರಿಗೆಯಲ್ಲಿ ಕಷ್ಟವಿರುವುದು ಕೊನೆಯ ಗಳಿಗೆಯಲ್ಲಿ. ಮೈಯೆಲ್ಲ ಹೊರಗೆ ಬಂದು ತಲೆ ಸಿಕ್ಕಿಕೊಳ್ಳುತ್ತದೆ. ಹಾಗೇ ಆಯಿತು. ಹುಲಿಗೆವ್ವ ನನ್ನ ಮುಂಗೈಯನ್ನು ಹಿಡಿದಿದ್ದ ಬಿಗಿಗೆ ಬಳೆ ಚೂರಾಗಿ ಚರ್ಮಕ್ಕೆ ಹೊಕ್ಕಿತು. ಆಗ ನನಗದು ಗೊತ್ತೇ ಆಗಲಿಲ್ಲ. ಡಾಕ್ಟರು ಆತುರಪಡಲಿಲ್ಲ. ಮಗುವಿನ ಮೈಯನ್ನು ತಮ್ಮ ಮುಂದೋಳಿನ ಮೇಲೆ ಮಲಗಿಸಿಕೊಂಡು, ಬೆರಳನ್ನು ಒಳಗೆ ತೂರಿಸಿ ಗದ್ದ ಬಗ್ಗಿಸಿ, "ಈಗ ಮುಕ್ಕು ನನ್ನವ್ವ, ಈಗ" ಎಂದರು. ಹುಲಿಗೆವ್ವ ಊರಿನ ದೇವರನ್ನೆಲ್ಲ ಕೂಗಿ ಕರೆದು ಮುಕ್ಕಿದಳು. ತಲೆ ಬಂತು.

ಹೆಣ್ಣು ಮಗು. ನೇರಳೆ ಬಣ್ಣ, ಸದ್ದಿಲ್ಲ. ನಾನು ಬಾಯಿ ಒರೆಸಿ, ಬಟ್ಟೆಯಲ್ಲಿ ಬೆನ್ನು ಉಜ್ಜಿದೆ, ಅಂಗಾಲು ತಟ್ಟಿದೆ. ಮತ್ತೆ ಉಜ್ಜಿದೆ. ಹುಲಿಗೆವ್ವ ತಲೆ ಎತ್ತಿ ನನ್ನ ಮುಖವನ್ನೇ ನೋಡುತ್ತಿದ್ದಳು. ಎರಡು ಕೂಸು ಕಳೆದುಕೊಂಡವಳಿಗೆ ಆ ಮೌನ ಏನೆಂದು ಗೊತ್ತಿತ್ತು. ಆಗ ಮಗು ಒಂದು ಸಲ ಬಿಕ್ಕಿತು, ಇನ್ನೊಂದು ಸಲ ಬಿಕ್ಕಿತು, ಆಮೇಲೆ ಅಳುವುದಕ್ಕೆ ಶುರು ಮಾಡಿದ್ದು ನಿಲ್ಲಿಸಲೇ ಇಲ್ಲ. ಬಾಗಿಲ ಹೊರಗಿಂದ ನಮ್ಮತ್ತೆಯ ಕೂಗು ಕೇಳಿಸಿತು: "ನನ್ ಗಾಡೀಲಿ ಬಂದ ಕೂಸು! ಗಂಟಲು ನೋಡ್ರೇ, ಥೇಟ್ ನನ್ನದೇ!"

ಅಧಿಕಾರಿಗಳು ಬಂದದ್ದು ಅದಾದ ಎರಡು ದಿನಕ್ಕೆ. ಮುಂಚೆ ಹೇಳಿದ್ದ ಹಾಗೆ ತಿಂಗಳ ಕೊನೆಯ ಸಂಜೆ. ಅವರು ಡಾಕ್ಟರ ಕೋಣೆಯಲ್ಲಿ ಕೂತು ಇನ್ನೂ ಕೊಡೆ ಮಡಿಸುತ್ತಿದ್ದಾಗ, ಕೆಲಸ ಬಿಟ್ಟ ಹೆಂಗಸರೆಲ್ಲ ಸಿಮೆಂಟಿನ ಕೈಕಾಲಲ್ಲೇ ಅಂಗಳಕ್ಕೆ ಬಂದರು. ಬೆಂಚು ತುಂಬಿ, ಮೆಟ್ಟಿಲು ತುಂಬಿ, ಗೇಟಿನವರೆಗೆ ನಿಂತರು. ಗೌಜು ಮಾಡಲಿಲ್ಲ. ಬಂದದ್ದು ಯಾಕೆಂದು ಅಧಿಕಾರಿಗಳು ಕೇಳಿದಾಗ ಗಂಗವ್ವ "ನೀವ್ ಬಾಕ್ಲ ಹಾಕ್ತೀರಂತಲ್ರೀ, ಹೆಂಗ ಹಾಕ್ತೀರಿ ನೋಡಾಕ ಬಂದೀವಿ" ಎಂದಳು.

ಅವರು ಎದ್ದು ವಾರ್ಡಿಗೆ ಬಂದರು. ಮೊದಲ ಮಂಚದಲ್ಲೇ ಹುಲಿಗೆವ್ವ ಮಗುವಿಗೆ ಹಾಲು ಕುಡಿಸುತ್ತಾ ಕೂತಿದ್ದಳು.

"ಏನಮ್ಮ, ಹೆರಿಗೆ ಸುಸೂತ್ರ ಆಯ್ತಲ್ಲ. ಆಪರೇಷನ್ ಮಾಡಿಸ್ಕೊಂಡ್ಬಿಡು, ಆರಾಮಾಗಿರ್ತೀಯ," ಎಂದರು.

ಅವಳು ಹೆದರುತ್ತಾಳೆಂದು ನಾನು ಹತ್ತಿರ ಹೋದೆ. ಅವಳು ಹೆದರಲಿಲ್ಲ. "ಇಲ್ರಿ ಸಾಹೇಬ್ರ. ನಂಗ ಇನ್ನೊಂದು ಕೂಸು ಬೇಕು, ಈಕಿ ನಡದಾಡೂವಾಗ. ಅಲ್ಲೀತನಾ ವಂಕಿ ಹಾಕಿಸ್ಕೋತೀನಿ. ಬಾಯಾರ ಜೋಡಿ ಮಾತಾಡೀನಿ," ಎಂದಳು. ಸರ್ಕಾರಿ ಸಾಹೇಬರ ಎದುರು ಇಲ್ಲ ಎಂದು ಅಷ್ಟು ಸಲೀಸಾಗಿ ಹೇಳಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ.

ಅಷ್ಟರಲ್ಲಿ ಬಾಗಿಲಲ್ಲಿ ನಿಂತಿದ್ದ ಗಂಗವ್ವ ಒಳಗೆ ಬಂದಳು.

"ನಂಗ ಬೇಕ್ರಿ ಆಪರೇಷನ್. ಐದು ಹಡದೀನಿ, ಸಾಕಾಗೇತಿ. ಬಾಯಾರೂ ಹೇಳಿಲ್ಲ, ಅಕ್ಕಾರೂ ಹೇಳಿಲ್ಲ. ನಾನ ನನ್ನ ಗಂಡನ್ನ ಕೇಳಿ, ವಿಚಾರ ಮಾಡಿ ಹೇಳಾಕತ್ತೀನಿ. ಆದ್ರ ಹಬ್ಬ ಆದ ಮ್ಯಾಲ. ಮತ್ತ ಇವ್ರ ಕೈಲೇ ಮಾಡಿಸ್ಕೊಳ್ಳಾಕಿ. ಬಾಕ್ಲ ಹಾಕಿದ್ರ ನಾ ಎಲ್ಲೂ ಹೋಗಂಗಿಲ್ಲ."

ಅವಳ ಹಿಂದಿನಿಂದ ಇನ್ನೊಬ್ಬಳು, "ನಂದೂ ಹಂಗಾ ಬರ್ಕೊರಿ" ಎಂದಳು.

ಡಾಕ್ಟರ್ ಸರೋಜಾ ಕನ್ನಡಕ ತೆಗೆದು ಒರೆಸತೊಡಗಿದರು. ನಗು ತಡೆಯಬೇಕಾದಾಗ ಅವರು ಹಾಗೆ ಮಾಡುತ್ತಿದ್ದರು. ಅಧಿಕಾರಿಗಳು ಕೆಟ್ಟವರೇನಲ್ಲ. ಮಂಚಕ್ಕೆ ತೂಗುಹಾಕಿದ್ದ ಹೆರಿಗೆಯ ಚೀಟಿ ಓದಿ, ಸ್ವಲ್ಪ ಹೊತ್ತು ಮಗುವನ್ನು ನೋಡುತ್ತಾ ನಿಂತಿದ್ದರು. "ನಮ್ ಮೊಮ್ಮಗಳೂ ಹೀಗೇ ಉಲ್ಟಾ ಹುಟ್ಟಿದ್ದು," ಎಂದರು, ಯಾರಿಗೆ ಎಂದು ಗೊತ್ತಾಗದ ಹಾಗೆ. ಆಮೇಲೆ ಡಾಕ್ಟರ ಕಡೆ ತಿರುಗಿ, "ಗೇಟಿನ ಬೋರ್ಡಲ್ಲಿ ಬೆಳಗಿನ ಹೊತ್ತು ಮಾತ್ರ ಬರೆದಿದೆಯಲ್ಲ ಡಾಕ್ಟರಮ್ಮ. ಸಂಜೇದೂ ಬರೆಸಿ. ಮೇಲಿನವರಿಗೆ ನಾನು ಹೇಳ್ತೀನಿ," ಎಂದರು.

ಅಂಗಳಕ್ಕೆ ಆ ಸುದ್ದಿ ಮುಟ್ಟಿಸಿದವರು ಯಾರೆಂದು ಬೇರೆ ಹೇಳಬೇಕಾಗಿಲ್ಲ. ಹೆಂಗಸರು ನಮ್ಮತ್ತೆಯನ್ನೇ ಎತ್ತಿ ಗಾಡಿಯ ಮೇಲೆ ಕೂರಿಸಿ ಅಂಗಳದಲ್ಲಿ ಒಂದು ಸುತ್ತು ಹೊಡೆಸಿದರು. "ಇಳಿಸ್ರೇ, ಬೀಳ್ತೀನಿ ಕಣ್ರೇ" ಎಂದು ಅತ್ತೆ ಕೂಗುತ್ತಲೇ ಇದ್ದರು, ಇಳಿಯುವ ಲಕ್ಷಣ ಮಾತ್ರ ಇರಲಿಲ್ಲ. ಯೂನಿಫಾರ್ಮಿನಲ್ಲಿದ್ದೆನೆಂಬುದನ್ನು ಮರೆತು ನಾನೂ ಗಾಡಿಗೆ ಕೈ ಹಾಕಿದೆ.

ಮೇಸ್ತ್ರಿ ಮಾತು ಉಳಿಸಿಕೊಂಡ. ಬಾಣಂತನ ಮುಗಿಸಿ ಹುಲಿಗೆವ್ವ ಕೆಲಸಕ್ಕೆ ಮರಳಿದಳು. ಗಂಗವ್ವ ಹಬ್ಬ ಮುಗಿಸಿ, ತಾನೇ ಆರಿಸಿದ ದಿನ ಬಂದು ಆಪರೇಷನ್ ಮಾಡಿಸಿಕೊಂಡಳು. ಮಳೆಗಾಲ ಕಳೆದು, ಕಲ್ಯಾಣ ಮಂಟಪಕ್ಕೆ ಸುಣ್ಣ ಬಣ್ಣ ಆಗುವ ಹೊತ್ತಿಗೆ ಅವರ ಬಿಡಾರ ಎದ್ದಿತು. ಮಲ್ಲೇಶ್ವರದಲ್ಲಿ ಹೊಸ ಕಟ್ಟಡ ಎಂದು ಹೇಳಿ ಹೋದರು. ಹೋಗುವ ದಿನ ಹುಲಿಗೆವ್ವ ಮಗುವನ್ನು ತಂದು ಅತ್ತೆಯ ಮಡಿಲಿಗೆ ಹಾಕಿ ತೂಕ ನೋಡು ಎಂದಳು. "ಎರಡು ಕುಂಬಳಕಾಯಿ," ಎಂದರು ಅತ್ತೆ. ಅವರು ಹೋದ ಮೇಲೆ ಕೆಲವು ದಿನ ಸಂಜೆಯ ಅಂಗಳ ನನಗೆ ಖಾಲಿ ಖಾಲಿ ಎನಿಸಿತು. ಆದರೆ ಅಷ್ಟರಲ್ಲಿ ಮಾರ್ಕೆಟ್ಟಿನಲ್ಲಿ ಮೂಟೆ ಹೊರುವ ತಮಿಳು ಹೆಂಗಸರೂ, ಊದುಬತ್ತಿ ಹೊಸೆಯುವವರೂ ಬೋರ್ಡು ಓದಿಸಿಕೊಂಡು ಬರತೊಡಗಿದ್ದರು.

ಚಳಿ ಶುರುವಾದ ಮೇಲೆ ಒಂದು ಸಂಜೆ ಆಸ್ಪತ್ರೆಯ ಫೋನು ಹೊಡೆದುಕೊಂಡಿತು. ಮಲ್ಲೇಶ್ವರದ ಸಂಪಿಗೆ ರಸ್ತೆ ಹತ್ತಿರದ ಒಂದು ಹೆರಿಗೆ ಆಸ್ಪತ್ರೆಯಿಂದ ಒಬ್ಬ ನರ್ಸು ಮಾತಾಡುತ್ತಿದ್ದಳು. ದನಿ ಕಂಗಾಲಾಗಿತ್ತು.

"ವನಜಾ ಸಿಸ್ಟರ್ ನೀವೇನಾ? ಇಲ್ಲಿ ಗಾರೆ ಕೆಲಸದ ಹೆಂಗಸರು ಒಂದು ಗುಂಪು ಬಂದು ಮೆಟ್ಟಿಲ ಮೇಲೆ ಕೂತ್ಬಿಟ್ಟಿದಾರೆ. ನಾಳೆ ಬೆಳಿಗ್ಗೆ ಬನ್ನಿ ಅಂದ್ರೆ ಏಳಲ್ಲ ಅಂತಾರೆ. ಮುಂದಿರೋಳಿಗೆ ಹಣೆ ಮೇಲೆ ಹಚ್ಚೆ, ಕಂಕುಳಲ್ಲಿ ಮಗು. ಚಾಮರಾಜಪೇಟ್ಯಾಗ ಸಂಜೀಕ ನೋಡ್ತಾರ, ಇಲ್ಲ್ಯಾಕ ನೋಡಂಗಿಲ್ಲ, ಫೋನ್ ಮಾಡಿ ಕೇಳು ಅಂತ ನಿಮ್ಮ ಹೆಸರು ಹೇಳಿದ್ಲು. ನಮ್ ಡಾಕ್ಟ್ರು ಇನ್ನೂ ಒಳಗೇ ಇದಾರೆ, ನೋಡ್ತೀನಿ ಅಂತಿದಾರೆ. ನಮಗೆ ಇದೆಲ್ಲ ಹೊಸದು. ನಾನೇನ್ ಮಾಡ್ಲಿ ಸಿಸ್ಟರ್?"

ಅವಳ ಹಿಂದೆ ಒಂದು ಮಗು ಗಂಟಲು ಹರಿಯುವಂತೆ ಅಳುವುದು ತಂತಿಯ ಮೂಲಕ ನನಗೆ ಕೇಳಿಸುತ್ತಿತ್ತು.

"ಬಿಸಿನೀರು ಕಾಯೋಕಿಡಿ," ಎಂದೆ. "ಆಮೇಲೆ ಇನ್ನೆರಡು ಬೆಂಚು ತರ್ಸಿ. ನಾಳೆಯಿಂದ ಅವೂ ಸಾಲಲ್ಲ."